ಯಾರದೂ ಆಕ್ಷೇಪಣೆ ಇಲ್ಲ

ಜೂನ್ 9

ಅಪ್ಪನಿಗೆ,

ನಮಸ್ಕಾರ. ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಕಲಿಸಿದವರು ನೀವು. ಕ್ಷೇಮವೋ ಅಲ್ಲವೋ ಎಂದು ನೋಡಿಕೊಂಡು ಬರೆಯಿರಿ ಎಂದು ಮಾತ್ರ ಕಲಿಸಲಿಲ್ಲ. ಹಾಗಾಗಿ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ನೀವು ಹೋಗಿ ಹನ್ನೆರಡು ದಿನವಾಯಿತು. ಫೋನ್ ಮಾಡಿದರೆ ಅತ್ತೆ ಎತ್ತಿ ಸ್ಪೀಕರಿಗೆ ಹಾಕುತ್ತಾರೆ. ಕೆಳಗಿನ ಪ್ರಿಂಟಿಂಗ್ ಪ್ರೆಸ್ಸಿನವರಿಗೂ ಕೇಳುವ ಹಾಗೆ ನಾವಿಬ್ಬರೂ ‘ಹೂಂ’ ಎನ್ನುತ್ತೇವೆ, ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ.

ಆ ದಿನದ ಊರಸಭೆಯ ಸಂಗತಿಯನ್ನು ನಿಮಗೆ ಯಾರು ಹೇಗೆ ಮುಟ್ಟಿಸಿದರೋ ತಿಳಿಯದು. ನನ್ನ ಬಾಯಿಂದ ಕೇಳುವ ಮೊದಲೇ ಚೀಲ ಹಿಡಿದು ನಿಮ್ಮ ತಂಗಿಯ ಮನೆಗೆ ಹೊರಟುಬಿಟ್ಟಿರಿ. ನಡೆದದ್ದು ಇಷ್ಟು. ಕುಡಿಯುವ ನೀರು ಶುದ್ಧ ಮಾಡುವ ಯಂತ್ರ ಊರಿಗೆ ಮಂಜೂರಾಗಿದೆ. ಅದನ್ನು ನೀವು ಬೆಳಿಗ್ಗೆ ಪಾಠ ಹೇಳುವ ಪಂಚಾಯಿತಿ ಕೊಠಡಿಯಲ್ಲಿ ಇಡಬೇಕು, ಪಾಠ ನಿಲ್ಲಿಸಬೇಕು ಎಂದು ಕಾರ್ಯದರ್ಶಿ ಠರಾವು ಓದಿದರು. ಪಂಚಾಯಿತಿ ಅಧ್ಯಕ್ಷೆಯಾಗಿ ಕೇಳಬೇಕಾದ ಹಾಗೆ ನಾನು ಮೂರು ಸಲ ಕೇಳಿದೆ, ‘ಯಾರದಾದರೂ ಆಕ್ಷೇಪಣೆ ಇದೆಯೇ?’ ಎದುರಿಗೆ ಎಪ್ಪತ್ತು ಎಂಬತ್ತು ಜನ. ಅರ್ಧಕ್ಕಿಂತ ಹೆಚ್ಚಿನವರು ನಿಮ್ಮ ಹತ್ತಿರ ಅಕ್ಷರ ತಿದ್ದಿದವರು. ಎಲ್ಲರೂ ಕೈಕಟ್ಟಿ ನೆಟ್ಟಗೆ ಕೂತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ನಡಾವಳಿ ಪುಸ್ತಕದಲ್ಲಿ ‘ಯಾರದೂ ಆಕ್ಷೇಪಣೆ ಇಲ್ಲ’ ಎಂದು ಬರೆದು ಸಹಿ ಹಾಕಿದೆ.

ಸಹಿ ಹಾಕುವಾಗ ನನಗೆ ಏನೂ ಅನ್ನಿಸಲಿಲ್ಲ. ಮನೆಗೆ ಬಂದು, ನಿಮ್ಮ ಕೋಣೆಯ ಗೂಟದಲ್ಲಿ ಚೀಲ ಇಲ್ಲದ್ದನ್ನು ಕಂಡಾಗಲೂ ಅನ್ನಿಸಲಿಲ್ಲ. ಅಡುಗೆ ಮಾಡಿ, ಉಂಡು, ಪಾತ್ರೆ ತೊಳೆದಿಟ್ಟೆ.

ಇದು ಇನ್ನೂ ಮುಗಿದಿಲ್ಲ, ಅದನ್ನು ತಿಳಿಸಲೇ ಬರೆದೆ. ಕಟ್ಟಡದ ಠರಾವು ಎರಡು ಸಭೆಗಳಲ್ಲಿ ಒಪ್ಪಿಗೆಯಾಗಬೇಕು. ಎರಡನೆಯದು ಸೆಪ್ಟೆಂಬರ್ ಹನ್ನೆರಡಕ್ಕೆ. ಅಂದು ಒಬ್ಬರೇ ಒಬ್ಬರು ಎದ್ದು ಬೇಡ ಎಂದರೂ ಸಾಕು, ಕೈ ಎತ್ತಿಸಿ ಎಣಿಸಲೇಬೇಕು. ಎಣಿಸಿದರೆ ಕೊಠಡಿ ಉಳಿಯುತ್ತದೆ, ಊರಿನ ಮನಸ್ಸು ನನಗೆ ಗೊತ್ತು. ಯಂತ್ರಕ್ಕೆ ಬಾವಿಯ ಪಕ್ಕದಲ್ಲಿ ಖಾಲಿ ಬಿದ್ದಿರುವ, ಹಿಂದೆ ಕಾಳು ತೂಗುತ್ತಿದ್ದ ತೂಕದ ಮನೆ ಸಾಕಾಗುತ್ತದೆ. ಆದರೆ ಅಧ್ಯಕ್ಷೆಯಾದವಳು ತಾನೇ ಆಕ್ಷೇಪಣೆ ಎತ್ತುವಂತಿಲ್ಲ. ನೀವು ಎತ್ತಬಹುದು. ನೀವೂ ಈ ಊರಿನ ಮತದಾರರೇ.

ನಿಮ್ಮ ಮಗಳು


ಜೂನ್ 17

ಮಾನ್ಯ ಅಧ್ಯಕ್ಷರಿಗೆ,

ತಮ್ಮ ಕಾಗದ ತಲುಪಿತು.

ನನ್ನ ವಿಷಯ ಮಾತಾಡುವ ಸಭೆಯಲ್ಲಿ ನಾನಿರುವುದು ಸರಿಯಲ್ಲ ಎಂದು ಮೊದಲನೆಯದಕ್ಕೆ ಬರಲಿಲ್ಲ. ಎರಡನೆಯದಕ್ಕೂ ಅದೇ ಕಾರಣ. ಸಂಬಳದ ಮೇಷ್ಟ್ರಾಗಿದ್ದಾಗಲೂ ಆಮೇಲೂ, ಒಟ್ಟು ಮೂವತ್ತೆಂಟು ವರ್ಷದಲ್ಲಿ, ನಿಮ್ಮ ಮಕ್ಕಳನ್ನು ಕಳಿಸಿ ಎಂದು ನಾನು ಯಾರ ಹೊಸ್ತಿಲನ್ನೂ ತುಳಿದಿಲ್ಲ. ಬಾಯಾರಿದವನು ಬಾವಿಗೆ ಬರಬೇಕೇ ಹೊರತು ಬಾವಿ ಅವನ ಮನೆಗೆ ಹೋಗುವುದಿಲ್ಲ. ಈಗ ನನಗಾಗಿ ಒಂದು ಮಾತು ಹೇಳಿ ಎಂದು ಕೇಳಲು ನಾಲಗೆ ಹೊರಳುವುದಿಲ್ಲ.

ಇಲ್ಲಿ ನನಗೆ ತೊಂದರೆಯಿಲ್ಲ. ನಿನ್ನ ಅತ್ತೆ ಕೊಟ್ಟಿರುವ ಕೋಣೆಯ ಕಿಟಕಿಗೆ ಎದುರುಮನೆಯ ಮೆಟ್ಟಿಲು ಕಾಣುತ್ತದೆ. ಮೇಲೆ ಹಲ್ಲಿನ ಡಾಕ್ಟರಿದ್ದಾರೆ. ಜನ ಕೆನ್ನೆ ಹಿಡಿದುಕೊಂಡು ಹತ್ತುತ್ತಾರೆ, ಕೆನ್ನೆ ಹಿಡಿದುಕೊಂಡೇ ಇಳಿಯುತ್ತಾರೆ. ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ, ಅಂಗಿಯ ಗುಂಡಿ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತೇನೆ. ಆರೂವರೆಗೆ ಯಾರೂ ಬರುವುದಿಲ್ಲವೆಂದು ಆಮೇಲೆ ನೆನಪಾಗುತ್ತದೆ. ಎದ್ದು ಹೋಗಲು ಬೇರೆ ಕೆಲಸವೂ ಇಲ್ಲದ್ದರಿಂದ ಹಾಗೇ ಕೂತಿರುತ್ತೇನೆ.

ಮಕ್ಕಳಿಗೆ ಹದಿಮೂರರ ಮಗ್ಗಿ ಅರ್ಧಕ್ಕೆ ನಿಂತಿದೆ.

ಅಪ್ಪ


ಜುಲೈ 3

ಅಪ್ಪನಿಗೆ,

ಮಾನ್ಯ ಅಧ್ಯಕ್ಷರು ತಮ್ಮ ಕಾಗದವನ್ನು ಓದಿ, ಮಡಿಸಿ, ಅಕ್ಕಿ ಡಬ್ಬದ ಮೇಲಿಟ್ಟು, ಒಂದು ವಾರ ಮುಟ್ಟಲಿಲ್ಲ.

ಅರ್ಧಕ್ಕೆ ನಿಂತ ಮಗ್ಗಿಯ ಸಮಾಚಾರ ಕೇಳಿ. ನಿಮ್ಮ ಹನ್ನೊಂದು ಮಕ್ಕಳು ಈಗಲೂ ಆರೂವರೆಗೆ ಬರುತ್ತಾರೆ. ಕೊಠಡಿಗೆ ಬೀಗ ಬಿದ್ದಿದೆ, ಹಾಗಾಗಿ ಮೆಟ್ಟಿಲ ಮೇಲೆ ಕೂರುತ್ತಾರೆ. ಎಲ್ಲರಿಗಿಂತ ದೊಡ್ಡ ಹುಡುಗಿ ಕೇಳುತ್ತಾಳೆ, ಉಳಿದವರು ಹೇಳುತ್ತಾರೆ. ‘ಹದಿಮೂರಾರಲೆ ಎಪ್ಪತ್ತೆಂಟು’ ಎನ್ನುವ ತನಕ ಹೇಳಿ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ, ಮತ್ತೆ ಮೊದಲಿನಿಂದ. ನಿನ್ನೆ ತಡೆಯಲಾರದೆ ನಾನೇ ಹೋಗಿ, ‘ಹದಿಮೂರೇಳಲೆ ತೊಂಬತ್ತೊಂದು, ಮುಂದೆ ಹೇಳ್ರೋ’ ಎಂದೆ. ಹನ್ನೊಂದು ಜೊತೆ ಕಣ್ಣು ನನ್ನನ್ನೇ ನೋಡಿದವು. ದೊಡ್ಡ ಹುಡುಗಿ ಬಹಳ ಮರ್ಯಾದೆಯಿಂದ, ‘ಅದನ್ನ ಮೇಷ್ಟ್ರು ಇನ್ನೂ ಹೇಳ್ಕೊಟ್ಟಿಲ್ಲ’ ಎಂದಳು. ಎಂಟು ಗಂಟೆಗೆ ಬಸ್ಸು ಹತ್ತಿ ಪಕ್ಕದ ಊರಿನ ದೊಡ್ಡ ಶಾಲೆಗೆ ಹೋಗುವ ಮಕ್ಕಳು ಇವು. ಅಲ್ಲಿ ಇಪ್ಪತ್ತರ ಮಗ್ಗಿಯೂ ಆಗಿದೆಯಂತೆ. ಇಲ್ಲಿ ಮಾತ್ರ ಎಪ್ಪತ್ತೆಂಟಕ್ಕೆ ಬ್ರೇಕ್.

ಅಲ್ಲಿಂದ ಸೈಕಲ್ ಶಾಪಿನವನ ಹತ್ತಿರ ಹೋದೆ. ಅವನು ನಿಮ್ಮ ಮೊದಲನೇ ತಂಡದವನು. ಆ ದಿನ ಸಭೆಯಲ್ಲಿ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿಕೊಂಡೇ ಹೇಳಿದ, ‘ಅಲ್ಲಾ ಅಧ್ಯಕ್ಷರೇ, ಮೇಷ್ಟ್ರ ವಿಷಯ ಅದು. ನಾನೆದ್ದು ಏನಾದ್ರೂ ತಪ್ಪು ಹೇಳಿಬಿಟ್ರೆ? ಪೂರ್ತಿ ಬರೋ ತನಕ ಬಾಯಿ ಬಿಡಬೇಡ ಅಂತ ಅವರೇ ಅಲ್ವಾ ಹೇಳಿದ್ದು?’ ನಿಮಗಿಂತ ಹಿರಿಯರಾದ ಬಡಗಿಯನ್ನು ಕೇಳಿದರೆ, ‘ಓದಿದೋರು ಯಾರಾದ್ರೂ ಹೇಳ್ತಾರೆ ಅಂದ್ಕೊಂಡೆ ಕಣಮ್ಮ’ ಎಂದರು. ಓದಿದವರನ್ನು ಕೇಳಿದರೆ, ‘ದೊಡ್ಡೋರು ಇರೋವಾಗ ನಾವು ಹೆಂಗೆ?’ ಬೆಕ್ಕಿಗೆ ಗಂಟೆ ಕಟ್ಟಬೇಕೆಂದು ಎಲ್ಲರಿಗೂ ಗೊತ್ತು. ಕಟ್ಟುವ ಕೈಗಳನ್ನೆಲ್ಲ ನೀವು ಕಟ್ಟಿಸಿ ಕೂರಿಸಿದ್ದೀರಿ.

ಇದು ಮಗ್ಗಿಗೆ ಸರಿ ಅಪ್ಪಾ. ಊರು ನಡೆಸುವುದಕ್ಕೆ ಸರಿಯಲ್ಲ. ಪಂಚಾಯಿತಿ ಕಾಯಿದೆ ಬರೆದವರು ಜನ ಮಾತಾಡುತ್ತಾರೆ ಎಂದುಕೊಂಡು ಬರೆದಿದ್ದಾರೆ.

ನಿಮ್ಮ ಮಗಳು


ಜುಲೈ 24

ಮಗಳಿಗೆ,

ನಿನ್ನ ಕಾಗದಕ್ಕೆ ಉತ್ತರವನ್ನು ಮೂರು ಸಲ ಬರೆದು ಹರಿದೆ. ಮೂರರಲ್ಲೂ ನನ್ನದೇ ಸರಿ ಎಂದು ಬರೆದಿದ್ದೆ.

ನನ್ನ ಮೇಷ್ಟ್ರು ನನ್ನನ್ನು ಮೊದಲ ವರ್ಷವಿಡೀ ಬಾಯಿ ಬಿಡಲು ಬಿಡಲಿಲ್ಲ. ಕೇಳು, ಕೂತು ಕೇಳು ಎನ್ನುತ್ತಿದ್ದರು. ಎರಡನೆಯ ವರ್ಷ ಬಾಯಿ ಬಿಟ್ಟಾಗ ಒಂದಕ್ಷರವೂ ತಪ್ಪಲಿಲ್ಲ. ಅಂದು ನನಗಾದ ಸಂತೋಷ ಇನ್ನೆಂದೂ ಆಗಿಲ್ಲ, ನಿನ್ನ ಅಮ್ಮನಿಗೂ ಇದನ್ನು ಹೇಳಿದ್ದೆ, ಅವಳು ಮುನಿಸಿಕೊಂಡಿದ್ದಳು. ಆ ಸಂತೋಷವನ್ನೇ ಎಲ್ಲರಿಗೂ ಕೊಡಬೇಕೆಂದು ಹೊರಟವನು ನಾನು. ಸಭೆಯಲ್ಲಿ ಎದ್ದು ಮಾತಾಡುವುದನ್ನೂ ನಾನೇ ಕಲಿಸಬೇಕು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಕಲಿಸುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.

ನಿನಗೆ ಏಳು ವರ್ಷವಿದ್ದಾಗ ಬೋರ್ಡಿನ ಮೇಲೆ ನಾನು ಒಂದು ಲೆಕ್ಕ ತಪ್ಪು ಮಾಡಿದೆ. ನೀನು ಎದ್ದು ತಪ್ಪು ಎಂದೆ. ಕೇಳದೆ ಮಾತಾಡಿದ್ದಕ್ಕೆ ನಿನ್ನನ್ನು ಹೊರಗೆ ನಿಲ್ಲಿಸಿದೆ. ನೀನು ಹೊರಗಿರುವಾಗ ಅದನ್ನು ಒರೆಸಿ ಸರಿಯಾಗಿ ಬರೆದೆ. ನೀನು ಮರೆತಿರಬಹುದು.

ಅತ್ತೆ ಇವತ್ತು ಬಟಾಣಿ ಸುಲಿಯಲು ಕೊಟ್ಟಳು. ಸುಲಿದೆ. ಸಿಪ್ಪೆ ಇಟ್ಟುಕೊಂಡು ಕಾಳನ್ನು ಕಸಕ್ಕೆ ಹಾಕಿದ್ದೆನಂತೆ. ಅವಳು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು.

ಅಪ್ಪ


ಆಗಸ್ಟ್ 8

ಅಪ್ಪನಿಗೆ,

ಮರೆತಿಲ್ಲ.

ಇನ್ನೊಂದು ವಿಷಯ. ನಿಮಗೆ ಕೋಪ ಬರುತ್ತದೆ, ಬರಲಿ. ಟೈಲರಕ್ಕನ ಅಂಗಡಿಗೆ ಹೋಗಿ ಬಾಯಿಬಿಟ್ಟು ಕೇಳಿದೆ. ನಿಮ್ಮ ತರಗತಿಯಲ್ಲಿ ಕೊನೆಯ ಸಾಲಿನ ಕೊನೆಯಲ್ಲಿ ಕೂರುತ್ತಿದ್ದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಈಗ ಅವಳ ಇಬ್ಬರು ಮಕ್ಕಳೂ ಮೆಟ್ಟಿಲ ಮೇಲಿನ ಹನ್ನೊಂದರಲ್ಲಿದ್ದಾರೆ. ‘ನೀನು ಒಬ್ಬಳೇ ಒಬ್ಬಳು ಎದ್ದು ಬೇಡ ಅನ್ನಕ್ಕ, ಸಾಕು. ಉಳಿದದ್ದು ನಾನು ನೋಡ್ಕೋತೀನಿ’ ಎಂದೆ.

ಹೊಲಿಗೆ ಯಂತ್ರ ನಿಲ್ಲಿಸಿ, ಕತ್ತರಿಯನ್ನು ಬಟ್ಟೆಯ ಕೆಳಗಿಟ್ಟು, ಬಾಗಿಲ ಕಡೆ ನೋಡಿದಳು. ‘ನಂಗೆ ಆ ಸಭೇಲಿ ಕಾಲು ನಡುಗುತ್ತೆ ಕಣೇ. ಆ ಕೊಠಡಿ ಹೋದ್ರೆ ನನ್ನ ಚಿಕ್ಕದಕ್ಕೆ ಓದೇ ಬರಲ್ಲ, ದೊಡ್ಡ ಶಾಲೇಲಿ ಅರವತ್ತು ಮಕ್ಕಳ ಮಧ್ಯೆ ಅದು ಬಾಯೇ ಬಿಡಲ್ಲ, ಅದೂ ಗೊತ್ತು’ ಎಂದಳು. ಅಳತೆ ಪುಸ್ತಕದಿಂದ ಒಂದು ಹಾಳೆ ಹರಿದು ನನ್ನ ಮುಂದಿಟ್ಟಳು. ‘ಬರೆದುಕೊಡು. ಬಾಯಿಪಾಠ ಮಾಡ್ತೀನಿ. ಪೂರ್ತಿ ಬಂದ್ರೆ ಏಳ್ತೀನಿ.’

ಬರೆದುಕೊಟ್ಟೆ. ನಾಲ್ಕೇ ಸಾಲು. ಈಗ ಯಂತ್ರ ತುಳಿಯುತ್ತಾ ಹೇಳಿಕೊಳ್ಳುತ್ತಾಳೆ. ಅಳತೆ ಕೊಡಲು ಬಂದವರ ಸುತ್ತಳತೆಯ ನಡುವೆಯೂ ‘ಪಂಚಾಯಿತಿ ಅಧ್ಯಕ್ಷರಲ್ಲಿ ನನ್ನ ವಿನಂತಿ’ ಎಂದು ಸೇರಿಬಿಡುತ್ತದಂತೆ. ಮೊನ್ನೆ ಒಬ್ಬರ ಅಂಗಿಗೆ ಒಂದು ತೋಳು ಗಿಡ್ಡವಾಯಿತು. ನಾನು ನಗಬೇಕಿತ್ತು. ನಗು ಎಲ್ಲೋ ಇದೆ, ಹೊರಗೆ ಬರುವುದಿಲ್ಲ.

ಆ ನಾಲ್ಕು ಸಾಲು ಹೀಗಿವೆ: ‘ಪಂಚಾಯಿತಿ ಅಧ್ಯಕ್ಷರಲ್ಲಿ ನನ್ನ ವಿನಂತಿ. ನನ್ನ ಆಕ್ಷೇಪಣೆ ಇದೆ. ನಮ್ಮ ಮಕ್ಕಳಿಗೆ ಮೇಷ್ಟ್ರು ಬೇಕು. ಯಂತ್ರವನ್ನು ತೂಕದ ಮನೆಯಲ್ಲಿ ಇಡಬಹುದು.’

ನಿಮ್ಮ ಮಗಳು


ಆಗಸ್ಟ್ 14

ಮಗಳಿಗೆ,

ನೀನು ಮಾಡಿದ್ದು ಪರೀಕ್ಷೆಯಲ್ಲಿ ಉತ್ತರ ಹೇಳಿಕೊಡುವ ಕೆಲಸ. ನನ್ನ ಮಗಳು ಅದನ್ನು ಮಾಡುತ್ತಾಳೆಂದು ನಾನು ಎಣಿಸಿರಲಿಲ್ಲ. ಅಧ್ಯಕ್ಷೆಯಾಗಿ ಆ ಕುರ್ಚಿಯಲ್ಲಿ ಕೂತವಳು ಮಾಡಬಾರದು, ಅದಂತೂ ಖಂಡಿತ. ಇದರ ಬಗ್ಗೆ ಇನ್ನು ನನಗೆ ಬರೆಯಬೇಡ.

ನಾಲ್ಕು ಸಾಲುಗಳ ಕ್ರಮ ಸರಿಯಿಲ್ಲ. ಹೆದರಿದವರಿಗೆ ಮೊದಲ ಸಾಲು ಚಿಕ್ಕದಿರಬೇಕು. ‘ನನ್ನ ಆಕ್ಷೇಪಣೆ ಇದೆ’ ಎನ್ನುವುದೇ ಮೊದಲು ಬರಲಿ. ಆಮೇಲೆ ಅವಳು ಮರೆತರೂ ನಷ್ಟವಿಲ್ಲ, ಪುಸ್ತಕದಲ್ಲಿ ಬರೆಯಲು ನಿನಗೆ ಅಷ್ಟು ಸಾಕು. ತೂಕದ ಮನೆ ಎರಡನೆಯದು, ವಿನಂತಿ ಕೊನೆಗೆ. ಮೇಷ್ಟ್ರ ಸುದ್ದಿ ಬೇಡವೇ ಬೇಡ.

ಅವಳು ಕೊನೆಯ ಸಾಲಿನಲ್ಲಿದ್ದರೂ ಯಾವತ್ತೂ ತಪ್ಪು ಹೇಳಿದವಳಲ್ಲ. ಹೇಳುವುದೇ ಕಡಿಮೆ.

ಅಪ್ಪ


ಆಗಸ್ಟ್ 30

ಮಗಳಿಗೆ,

ನೀನು ಬರೆಯಲಿಲ್ಲ. ಬರೆಯಬೇಡ ಎಂದವನು ನಾನೇ. ಅವಳಿಗೆ ಎಷ್ಟು ಸಾಲು ಬಂತು?

ಸಭೆಗೆ ನಾನು ಬರುವುದಿಲ್ಲ. ಕಾಯಬೇಡ.

ಅಪ್ಪ


ಸೆಪ್ಟೆಂಬರ್ 16

ಅಪ್ಪನಿಗೆ,

ಸಭೆ ಹನ್ನೆರಡನೆಯ ತಾರೀಕು ನಡೆಯಿತು. ನಾಲ್ಕು ದಿನ ಪೆನ್ನು ಹಿಡಿಯಲಾಗಲಿಲ್ಲ. ಈಗಲೂ ಕೈ ತಾನಾಗಿ ಬರೆಯುತ್ತಿದೆ, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೇನೆ.

ಟೈಲರಕ್ಕನಿಗೆ ಮೂರು ಸಾಲೂ ಬಂದಿತ್ತು. ನೀವು ಹೇಳಿದ ಕ್ರಮದಲ್ಲೇ ಬಂದಿತ್ತು. ಹಿಂದಿನ ದಿನ ನನ್ನೆದುರು ಏಳು ಸಲ ಹೇಳಿದಳು, ಏಳು ಸಲವೂ ತಪ್ಪಲಿಲ್ಲ. ಸಭೆಯ ದಿನ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದಳು, ಬಂದವಳು ಕೊನೆಯ ಸಾಲಿನ ಕೊನೆಗೇ ಹೋಗಿ ಬಾಗಿಲ ಹತ್ತಿರ ಕೂತಳು. ಮುಂದೆ ಬಾ ಎಂದು ಕಣ್ಣಲ್ಲೇ ಕರೆದೆ. ತಲೆಯಾಡಿಸಿದಳು.

ಕಾರ್ಯದರ್ಶಿ ಠರಾವು ಓದಿದರು. ನಾನು ಮೊದಲನೆಯ ಸಲ ಕೇಳಿದೆ. ಯಾರೂ ಇಲ್ಲ. ಎರಡನೆಯ ಸಲ ಕೇಳಿದೆ. ಅವಳು ಎದ್ದಳು. ನಿಜವಾಗಿ ಎದ್ದಳು ಅಪ್ಪಾ, ಪೂರ್ತಿ ಎದ್ದು ನಿಂತಳು. ಮುಂದೆ ಕೂತ ಯಾರೂ ತಿರುಗಿ ನೋಡಲಿಲ್ಲ, ತಿರುಗಿ ನೋಡಬಾರದೆಂದು ನಿಮ್ಮ ತರಗತಿಯಲ್ಲಿ ಕಲಿತವರಲ್ಲವೇ. ಅವಳು ಹೇಳುವ ಮೊದಲೇ ಪುಸ್ತಕಕ್ಕೆ ಬಗ್ಗಿ ಅವಳ ಹೆಸರು ಬರೆಯತೊಡಗಿದೆ. ಹೆಸರು ಮುಗಿಸಿ ತಲೆ ಎತ್ತಿದರೆ ಅವಳು ಕೂತಿದ್ದಳು.

ಮೂರನೆಯ ಸಲ ಅವಳನ್ನೇ ನೋಡುತ್ತಾ ಕೇಳಿದೆ. ಬೇರೆಲ್ಲೂ ಕಣ್ಣು ಹಾಯಿಸಲಿಲ್ಲ. ತಲೆ ತಗ್ಗಿಸಿ ಕೈಕಟ್ಟಿ ಕೂತಿದ್ದಳು. ಎಷ್ಟು ಹೊತ್ತು ಕಾದೆನೋ ಗೊತ್ತಿಲ್ಲ. ಕಾರ್ಯದರ್ಶಿ ಕೆಮ್ಮಿದರು. ಬರೆದ ಹೆಸರನ್ನು ಹೊಡೆದುಹಾಕಿ, ಕೆಳಗೆ ‘ಯಾರದೂ ಆಕ್ಷೇಪಣೆ ಇಲ್ಲ’ ಎಂದು ಬರೆದೆ. ಕೊಠಡಿ ಹೋಯಿತು. ಪ್ಲಂಬರ್ ಬಂದು ಗೋಡೆ ಎಲ್ಲಿ ಕೊರೆಯಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾನೆ. ಮಕ್ಕಳನ್ನು ಮೆಟ್ಟಿಲಿನಿಂದ ಎಬ್ಬಿಸಿದ್ದಾರೆ.

ಸಭೆ ಮುಗಿದ ಮೇಲೆ ಅವಳ ಹಿಂದೆ ಓಡಿದೆ. ‘ಯಾಕಕ್ಕ? ಮರೆತುಹೋಯ್ತಾ?’ ಎಂದೆ. ‘ಮರೀಲಿಲ್ಲ’ ಎಂದಳು. ‘ಹೆದರಿದ್ಯಾ?’ ‘ಇಲ್ಲ.’ ‘ಮತ್ತೆ ಯಾಕೆ ಕೂತೆ?’ ‘ಏನೂ ಇಲ್ಲ ಬಿಡು. ನನ್ನದೇ ತಪ್ಪು ಅಂತ ಇಟ್ಕೋ.’ ಇಷ್ಟು ಹೇಳಿ ಹೋಗಿಬಿಟ್ಟಳು. ನಾನು ದಾರಿಯಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ, ‘ಹೇಡಿ’ ಎಂದೆ. ಮಾರನೆಯ ದಿನ ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸ್ ತಂದೆ. ಅರ್ಧ ಹೊಲಿದಿತ್ತು. ಅವಳು ಮಡಿಸಿ ಕೊಟ್ಟಳು. ಅವಳನ್ನು ನಾನು ಇನ್ನು ಮಾತಾಡಿಸುವುದಿಲ್ಲ. ನೀವು ಏನು ಹೇಳಿದರೂ ಮಾತಾಡಿಸುವುದಿಲ್ಲ.

ನೀವು ಬರುವುದಾದರೆ ಬನ್ನಿ, ಇಲ್ಲವಾದರೆ ಇಲ್ಲ. ಮನೆ ಇದೆ.

ನಿಮ್ಮ ಮಗಳು


ಸೆಪ್ಟೆಂಬರ್ 22

ಮಗಳಿಗೆ,

ನಿನ್ನ ಕಾಗದ ನಿನ್ನೆ ಬಂತು. ಇದನ್ನು ಒಂದೇ ಸಲ ಬರೆಯುತ್ತೇನೆ, ಹರಿಯುವುದಿಲ್ಲ.

ಹನ್ನೆರಡನೆಯ ತಾರೀಕು ನಾನು ಊರಿಗೆ ಬಂದಿದ್ದೆ. ಅತ್ತೆಗೆ ಕನ್ನಡಕದ ಅಂಗಡಿಗೆ ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ಆ ಮೂರು ಸಾಲನ್ನು ಅವಳ ಬಾಯಿಂದ ಕೇಳಬೇಕೆನ್ನಿಸಿತು. ಇಷ್ಟು ತಿಂಗಳಲ್ಲಿ ನನಗೆ ಏನಾದರೂ ಅನ್ನಿಸಿದ್ದು ಅದೊಂದೇ. ಒಳಗೆ ಕೂರುವ ಯೋಚನೆ ಇರಲಿಲ್ಲ, ಬಾಗಿಲ ಹತ್ತಿರ ನಿಂತು ಕೇಳಿ ಹೋಗೋಣವೆಂದಿದ್ದೆ. ಬಸ್ಸು ತಡವಾಯಿತು. ಚಪ್ಪಲಿ ಬಿಟ್ಟು ಬಾಗಿಲಿಗೆ ಬಂದಾಗ ನೀನು ಪುಸ್ತಕಕ್ಕೆ ಬಗ್ಗಿದ್ದೆ. ಅವಳು ಎದ್ದು ನಿಂತಿದ್ದಳು. ಹೆಜ್ಜೆ ಸದ್ದಿಗೆ ತಿರುಗಿ ನನ್ನನ್ನು ನೋಡಿದಳು.

ನಾನು ಬಂದದ್ದಕ್ಕೆ ಎದ್ದಳು ಎಂದುಕೊಂಡೆ. ಮೂವತ್ತೆಂಟು ವರ್ಷ ನಾನು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಮಕ್ಕಳು ಎದ್ದಿದ್ದಾರೆ, ನಾನು ಕೈಯನ್ನು ಕೆಳಗೆ ಮಾಡಿ ಕೂತ್ಕೋ ಎಂದಿದ್ದೇನೆ. ಆಗಲೂ ಕೈ ಕೆಳಗೆ ಮಾಡಿದೆ. ಯೋಚನೆ ಮಾಡಲೇ ಇಲ್ಲ. ಅವಳು ಅರೆಗಳಿಗೆ ನನ್ನ ಕೈಯನ್ನೇ ನೋಡಿದಳು. ಆಮೇಲೆ ಕೂತಳು.

ಸಭೆಗೆ ಅಡ್ಡಿಯಾಗಬಾರದೆಂದು ನಾನು ಹೊರಗಿನ ಗೋಡೆಯ ಪಕ್ಕಕ್ಕೆ ಸರಿದುಕೊಂಡೆ. ಅಲ್ಲಿ ನಿಂತಾಗ ನೀನು ಮೂರನೆಯ ಸಲ ಕೇಳಿದ್ದು ಕೇಳಿಸಿತು. ಏನು ಮಾಡಿದೆನೆಂದು ಆಗ ತಿಳಿಯಿತು. ಆಗಲಾದರೂ ನಾನೇ ಎರಡು ಹೆಜ್ಜೆ ಒಳಗೆ ಬಂದು ‘ನನ್ನ ಆಕ್ಷೇಪಣೆ ಇದೆ’ ಎನ್ನಬಹುದಿತ್ತು. ನೀನು ತುಂಬಾ ಹೊತ್ತು ಕಾದೆ, ಅದೂ ಗೊತ್ತು, ಹೊರಗೆ ನಾನೂ ಅಷ್ಟೇ ಹೊತ್ತು ನಿಂತಿದ್ದೆ. ಬಾಯಿ ಏಳಲಿಲ್ಲ. ಜನರ ಮುಂದೆ ನನಗಾಗಿ ಒಂದು ಮಾತಾಡುವುದು ನನಗೂ ಬರುವುದಿಲ್ಲ. ಕಾರ್ಯದರ್ಶಿ ಕೆಮ್ಮಿದ ಮೇಲೆ ಚಪ್ಪಲಿ ಹಾಕಿಕೊಂಡು ಬಂದ ಬಸ್ಸಿಗೇ ವಾಪಸ್ ಹತ್ತಿದೆ. ಅತ್ತೆ ಕನ್ನಡಕ ಎಲ್ಲಿ ಎಂದಳು, ಸಿಗಲಿಲ್ಲ ಎಂದೆ.

ಅವಳು ನಿನಗೆ ಇದನ್ನು ಹೇಳಲಿಲ್ಲ. ನೀನು ಬೀದಿಯಲ್ಲಿ ಹೇಡಿ ಎಂದಾಗಲೂ ಹೇಳಲಿಲ್ಲ. ಹೇಳಿದರೆ ನನ್ನ ಹೆಸರು ಕೆಡುತ್ತದೆಂದು.

ಈ ಕಾಗದ ಸಿಕ್ಕಿದ ದಿನವೇ ಅವಳ ಅಂಗಡಿಗೆ ಹೋಗು. ಬಟ್ಟೆ ತಿರುಗಿ ಕೊಡು. ನಾಲ್ಕು ಜನರೆದುರು ಅಂದದ್ದನ್ನು ನಾಲ್ಕು ಜನರೆದುರೇ ವಾಪಸ್ ತೆಗೆದುಕೋ. ನನ್ನ ಪರವಾಗಿಯೂ ತಪ್ಪಾಯಿತೆಂದು ಹೇಳು. ಇದನ್ನು ನಾನೇ ಬಂದು ಹೇಳಬೇಕು, ಗೊತ್ತಿದೆ. ಆದರೆ ನಾನು ಅಂಗಡಿಯ ಬಾಗಿಲಿಗೆ ಬಂದರೆ ಅವಳು ಯಂತ್ರ ನಿಲ್ಲಿಸಿ ಎದ್ದು ನಿಲ್ಲುತ್ತಾಳೆ.

ಅಪ್ಪ